ಮಿಸ್, ಒಂದು ಡೌಟು: ಹೈಸ್ಕೂಲ್ ಮಕ್ಕಳಿಗೆ ನವೀಕರಿಸಬಹುದಾದ ಶಕ್ತಿ ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಿಸಿಲು, ಗಾಳಿ, ಹರಿಯುವ ನೀರಿನ ಹಾಗೆ ಬಳಸಿದರೂ ಮುಗಿಯದ ಆಕರಗಳಿಂದ ಸಿಗುವುದೇ ನವೀಕರಿಸಬಹುದಾದ ಶಕ್ತಿ. ಇಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಎಂಟು, ಒಂಬತ್ತು, ಹತ್ತನೇ ತರಗತಿ ಮಕ್ಕಳವು. ಉಳಿದವನ್ನು ಬೇರೆ ಶಾಲೆಗಳ ಟೀಚರ್‌ಗಳು ಮತ್ತು ಅಪ್ಪ ಅಮ್ಮಂದಿರು ಪತ್ರದಲ್ಲಿ, ಫೋನಿನಲ್ಲಿ, ತರಬೇತಿಯ ಊಟದ ಬಿಡುವಿನಲ್ಲಿ ಕೇಳಿದ್ದಾರೆ. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಅದನ್ನು ಅಳೆದು ನೋಡುವ ಒಂದು ದಾರಿ ತೋರಿಸಿ ಅನ್ನುವುದು ನಾನು ಎಲ್ಲರಲ್ಲೂ ಮಾಡುವ ವಿನಂತಿ. ಅಳೆದ ಮಗು ಮರೆಯುವುದಿಲ್ಲ.

## ಶುರು ಮಾಡುವವರಿಗೆ

ಪಾಠ ಮುಗಿಸೋಕೇ ಟೈಮ್ ಸಾಲಲ್ಲ. ಇದನ್ನ ಎಲ್ಲಿ ತೂರಿಸೋದು?

ಹೊಸದಾಗಿ ಪೀರಿಯಡ್ ಹುಡುಕಬೇಡಿ. ಎನ್‌ಸಿಇಆರ್‌ಟಿ 2023ರಲ್ಲಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಶಕ್ತಿಯ ಆಕರಗಳ ಪಾಠವನ್ನೇ ತೆಗೆದುಹಾಕಿತು. ನನಗೆ ಅದು ಈಗಲೂ ಬೇಸರದ ವಿಷಯ. ಆದರೆ ಬೇಕಾದ ವಿಜ್ಞಾನವೆಲ್ಲ ಬೇರೆ ಪಾಠಗಳಲ್ಲಿ ಉಳಿದಿದೆ. ಒಂಬತ್ತನೇ ತರಗತಿಯಲ್ಲಿ ಕೆಲಸ ಮತ್ತು ಶಕ್ತಿ, ಹತ್ತನೇ ತರಗತಿಯಲ್ಲಿ ವಿದ್ಯುಚ್ಛಕ್ತಿ, ಜೊತೆಗೆ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು. ವ್ಯಾಟ್, ಯೂನಿಟ್ ಲೆಕ್ಕ ಹೇಗೂ ಮಾಡಿಸಲೇಬೇಕು. ಪುಸ್ತಕದ ಉದಾಹರಣೆಯ ಜಾಗದಲ್ಲಿ ಮಗುವಿನ ಮನೆಯ ಬೆಸ್ಕಾಂ ಬಿಲ್ ಇಟ್ಟರೆ ಸಮಯವೂ ಜಾಸ್ತಿ ಬೇಡ, ಪರೀಕ್ಷೆಗೂ ನಷ್ಟವಿಲ್ಲ.

ನಮ್ಮ ಮಕ್ಕಳು ಬಾಯೇ ಬಿಡಲ್ಲ. ಪ್ರಶ್ನೆ ಎಲ್ಲಿಂದ ತರೋದು?

"ಯಾರಿಗಾದ್ರೂ ಡೌಟ್ ಇದ್ಯಾ?" ಅಂದರೆ ಇಡೀ ಕ್ಲಾಸು ತಲೆ ತಗ್ಗಿಸುತ್ತದೆ. ಮಕ್ಕಳ ಮುಂದೆ ಒಂದು ವಸ್ತು ಇಟ್ಟು ಸುಮ್ಮನಿರಿ. ಶಾಲೆಯ ಮೇಲ್ಛಾವಣಿಗೆ ಕರೆದುಕೊಂಡು ಹೋಗಿ, ಸುತ್ತಲಿನ ಮನೆಗಳ ಮೇಲೆ ಏನೇನು ಕಾಣುತ್ತದೆ ಬರೆಯಿರಿ ಅನ್ನಿ. ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರ್, ಅಲ್ಲೊಂದು ಇಲ್ಲೊಂದು ನೀಲಿ ಕಪ್ಪು ಪ್ಯಾನೆಲ್ಲು, ಟವರ್. ಐದು ನಿಮಿಷದಲ್ಲಿ ಯಾರಾದರೂ ಒಬ್ಬರು "ಮಿಸ್, ಅದ್ಯಾಕೆ ಎಲ್ಲಾ ಒಂದೇ ಕಡೆ ವಾಲಿದೆ?" ಅಂತ ಕೇಳಿಯೇ ಕೇಳುತ್ತಾರೆ. ನಾಚಿಕೆಯ ಮಕ್ಕಳಿಗಾಗಿ ಚೀಟಿ ಡಬ್ಬಿ ಇಡಿ, ಹೆಸರು ಬರೆಯುವುದು ಬೇಡ. ಚೀಟಿಯಲ್ಲಿರುವ ಯಾವ ಪ್ರಶ್ನೆಗೂ ಕ್ಲಾಸಿನಲ್ಲಿ ಯಾರೂ ನಗದಂತೆ ನೋಡಿಕೊಳ್ಳಿ. ಒಮ್ಮೆ ನಕ್ಕರೆ ಡಬ್ಬಿ ವರ್ಷಪೂರ್ತಿ ಖಾಲಿ.

ನನಗೇ ಉತ್ತರ ಗೊತ್ತಿಲ್ದಿರೋ ಪ್ರಶ್ನೆ ಬಂದ್ರೆ ಮರ್ಯಾದೆ ಹೋಗಲ್ವಾ?

ಹೋಗುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ಪ್ರಶ್ನೆ ಬರೆದು, ಕೇಳಿದ ಮಗುವಿನ ಹೆಸರು ಹಾಕಿ, ಉತ್ತರ ಸಿಗುವವರೆಗೆ ಅಳಿಸಬೇಡಿ. ತನ್ನ ಪ್ರಶ್ನೆ ಒಂದು ವಾರ ಬೋರ್ಡಿನ ಮೇಲೆ ಇದ್ದದ್ದನ್ನು ಆ ಮಗು ಮನೆಯವರಿಗೆಲ್ಲ ಹೇಳಿಕೊಂಡು ಬರುತ್ತದೆ.

ಸಾಮಾನು ಏನೇನು ಬೇಕು? ಎಲ್ಲಿ ಸಿಗುತ್ತೆ?

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ. 12 ವೋಲ್ಟಿನ, 10 ವ್ಯಾಟಿನ ಒಂದು ಪುಟ್ಟ ಸೋಲಾರ್ ಪ್ಯಾನೆಲ್, ಒಂದು ಮಲ್ಟಿಮೀಟರ್, ಹಳೇ ಕಂಪ್ಯೂಟರಿನ ಒಂದು 12 ವೋಲ್ಟ್ ಫ್ಯಾನ್, ನಾಲ್ಕು ಕ್ಲಿಪ್ ವೈರ್. ಅಷ್ಟೇ ಸಾಕು. ಸಾಧ್ಯವಾದರೆ ಇಬ್ಬರು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಂಗಡಿಯವರ ಹತ್ತಿರ ಅವರು ಕಲಿತು ಬರುವುದು ಬೇರೆಯದೇ ಪಾಠ.

ಈ ಸಾಮಾನಿನಿಂದ ಮೊದಲು ಮಾಡಿಸಬೇಕಾದ ಪ್ರಯೋಗ ಇದು. ಪ್ಯಾನೆಲನ್ನು ಮಧ್ಯಾಹ್ನದ ಬಿಸಿಲಿಗೆ ಹಿಡಿದು ವೋಲ್ಟ್ ನೋಡಿ, 20ರ ಆಸುಪಾಸು ತೋರಿಸುತ್ತದೆ. ನೆರಳಿಗೆ ತನ್ನಿ. ಮಕ್ಕಳು ಸೊನ್ನೆಗೆ ಇಳಿಯುತ್ತದೆ ಅಂದುಕೊಂಡಿರುತ್ತಾರೆ, ಆದರೆ ವೋಲ್ಟ್ ಸ್ವಲ್ಪವೇ ಇಳಿಯುತ್ತದೆ. ಈಗ ಮೀಟರನ್ನು 10 ಆಂಪಿಯರ್ ಜಾಗಕ್ಕೆ ಬದಲಿಸಿ ಕರೆಂಟ್ ಅಳೆಯಲಿ. ಬಿಸಿಲಿನಲ್ಲಿ ಅರ್ಧ ಆಂಪಿಯರ್ ದಾಟುವುದು ನೆರಳಿನಲ್ಲಿ ಚೂರೇ ಚೂರಾಗುತ್ತದೆ. ಆಮೇಲೆ ಪ್ಯಾನೆಲಿಗೆ ಫ್ಯಾನ್ ಜೋಡಿಸಿ, ಬಿಸಿಲಿನಲ್ಲೇ ಒಂದು ಮಗು ಅಂಗೈಯಿಂದ ಒಂದೆರಡು ಸೆಲ್ ಮಾತ್ರ ಮುಚ್ಚಲಿ. ಪ್ಯಾನೆಲಿನ ಬಹುಪಾಲು ಬಿಸಿಲಲ್ಲೇ ಇದ್ದರೂ ಫ್ಯಾನ್ ನಿಂತುಹೋಗುತ್ತದೆ. ಸೆಲ್‌ಗಳು ಸರಣಿಯಲ್ಲಿ ಜೋಡಿಸಿರುತ್ತವೆ. ಸಾಲಾಗಿ ನಿಂತು ನೀರಿನ ಬಕೆಟ್ ದಾಟಿಸುವಾಗ ನಡುವೆ ಒಬ್ಬರು ಕೈಕಟ್ಟಿದರೆ ಸಾಲೇ ನಿಲ್ಲುತ್ತದಲ್ಲ, ಹಾಗೆ. ಪಕ್ಕದ ಮನೆಯವರು ಮಾಳಿಗೆ ಎತ್ತರಿಸಿದಾಗ ಸೋಲಾರ್ ಇರುವ ಮನೆಯವರು ಯಾಕೆ ಜಗಳಕ್ಕೆ ಬರುತ್ತಾರೆ ಅನ್ನುವುದು ಮಕ್ಕಳಿಗೆ ಆ ಹೊತ್ತಿಗೇ ಅರ್ಥವಾಗುತ್ತದೆ.

ಬೆಂಗಳೂರಲ್ಲಿ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗಬಹುದು?

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮತ್ತು ನೆಹರೂ ತಾರಾಲಯ ಒಂದೇ ದಿನದಲ್ಲಿ ಆಗುತ್ತವೆ. ಎಂಜಿನ್, ಟರ್ಬೈನ್, ಮೋಟಾರ್ ಹತ್ತಿರದಿಂದ ನೋಡಲು ಮ್ಯೂಸಿಯಂ ಚೆನ್ನಾಗಿದೆ. ಆದರೆ ಶಾಲೆಯ ಬೀದಿಯಲ್ಲೇ ಸೋಲಾರ್ ಹಾಕಿಸಿದ ಮನೆಯೊಂದಿದ್ದರೆ ಮೊದಲು ಅಲ್ಲಿಗೆ ಹೋಗಿ. ಮಕ್ಕಳು ಪ್ರಶ್ನೆ ಕೇಳುತ್ತಾರೆಂದು ಹೇಳಿದರೆ ಬೇಡ ಅನ್ನುವ ಮನೆಯವರು ಕಮ್ಮಿ.

## ಮಕ್ಕಳ ಮೊದಲ ಪ್ರಶ್ನೆಗಳು

ಮಿಸ್, ಬಿಲ್‌ನಲ್ಲಿ ಯೂನಿಟ್ ಅಂತಾರಲ್ಲ, ಒಂದು ಯೂನಿಟ್ ಅಂದ್ರೆ ಎಷ್ಟು?

1000 ವ್ಯಾಟಿನ ಸಾಮಾನನ್ನು ಒಂದು ಗಂಟೆ ಓಡಿಸಿದರೆ ಒಂದು ಯೂನಿಟ್. ಜೂಲ್ ಲೆಕ್ಕದಲ್ಲಿ 36 ಲಕ್ಷ. ಇದನ್ನು ಉರು ಹೊಡೆಯುವುದಕ್ಕಿಂತ ಮನೆಯ ಮೀಟರ್ ಮುಂದೆ ನಿಲ್ಲುವುದು ಒಳ್ಳೆಯದು. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಮೀಟರಿನ ಮೇಲೇ ಬರೆದಿರುತ್ತಾರೆ. 3200 ಅಂತ ಇದೆ ಅಂದುಕೊಳ್ಳಿ. ಮನೆಯವರಿಗೆ ಹೇಳಿ ಎಲ್ಲ ಆರಿಸಿ, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಮಾತ್ರ ಹಾಕಿ. ಅದು ಕಾಯುತ್ತಿರುವಾಗ ನಿಮಿಷಕ್ಕೆ ಸುಮಾರು 53 ಸಲ ಮಿನುಗುತ್ತದೆ. 2000 ವ್ಯಾಟಿನ ಗೀಸರ್ ಹಾಕಿದರೆ ಎಣಿಸುವುದೇ ಕಷ್ಟ. ಅದನ್ನು ಆರಿಸಿ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಮಾತ್ರ ಹಾಕಿ ಕಾಯಿರಿ. ಎರಡು ನಿಮಿಷಕ್ಕೆ ಒಂದು ಸಲ ಮಿನುಗಿದರೆ ಹೆಚ್ಚು.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಿದೆ ಅಂತ ಬಂದಳು. ಇಡೀ ಕ್ಲಾಸು ಅವಳ ಮನೆಯ ಪತ್ತೇದಾರಿಕೆಗೆ ಇಳಿಯಿತು. ಕೊನೆಗೆ ಸಿಕ್ಕಿದ್ದು ಸ್ವಿಚ್ ಆರಿಸದೆ ರಿಮೋಟಿನಲ್ಲಷ್ಟೇ ಆಫ್ ಮಾಡಿದ್ದ ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್.

ಕರೆಂಟ್ ಹೇಗೂ ಫ್ರೀ ಇದೆಯಲ್ಲ, ಉಳಿಸಿ ಏನಾಗ್ಬೇಕು?

2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಹೆಚ್ಚಿನ ಮನೆಗಳಿಗೆ ಬಿಲ್ ಬರುವುದಿಲ್ಲ, ನಿಜ. ಎಷ್ಟೋ ಮನೆಗಳಿಗೆ ಅದರಿಂದ ಉಸಿರಾಡುವಂತಾಗಿದೆ, ಅದನ್ನು ಮಕ್ಕಳ ಮುಂದೆ ಹಗುರವಾಗಿ ಮಾತಾಡಬಾರದು. ಆದರೆ ಬಿಲ್ ಸೊನ್ನೆಯಾದರೂ ಕರೆಂಟ್ ಎಲ್ಲೋ ತಯಾರಾಗಲೇಬೇಕು, ಅದರ ದುಡ್ಡನ್ನು ಸರ್ಕಾರ ತುಂಬಲೇಬೇಕು. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ನಮ್ಮ ದೇಶದಲ್ಲಿ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. 200 ಯೂನಿಟ್ ಪೂರ್ತಿ ಕಲ್ಲಿದ್ದಲಿನಿಂದಲೇ ಬಂದರೆ ತಿಂಗಳಿಗೆ 140 ಕೆಜಿ. ಮಕ್ಕಳು ತಮ್ಮ ತೂಕದೊಂದಿಗೆ ಹೋಲಿಸಿ ನೋಡಲಿ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರಿನ ಶಕ್ತಿನಗರಕ್ಕೆ ಅದು ಹೊರರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ.

ನಮ್ಮನೆಗೆ ಬರೋ ಕರೆಂಟ್ ಎಲ್ಲಿಂದ ಬರುತ್ತೆ?

ಎಲ್ಲ ಕಡೆಯಿಂದಲೂ. ಶರಾವತಿ ಮತ್ತು ಕಾಳಿ ನದಿಗಳ ನೀರು, ರಾಯಚೂರು ಬಳ್ಳಾರಿಯ ಕಲ್ಲಿದ್ದಲು, ಪಾವಗಡದ ಬಿಸಿಲು, ಚಿತ್ರದುರ್ಗ ಗದಗದ ಗಾಳಿ, ಕೈಗಾದ ಅಣು, ಎಲ್ಲವೂ ಒಂದೇ ವಿದ್ಯುತ್ ಜಾಲಕ್ಕೆ, ಅಂದರೆ ಗ್ರಿಡ್ಡಿಗೆ, ಬಂದು ಸೇರುತ್ತವೆ. ನಿಮ್ಮ ಬಲ್ಬಿಗೆ ಬಂದದ್ದು ಯಾವ ನದಿಯದು ಅಂತ ಬೇರ್ಪಡಿಸಿ ಹೇಳಲು ಆಗುವುದಿಲ್ಲ.

ಇಲ್ಲಿ ಒಂದು ಇತಿಹಾಸ ಹೇಳದೆ ನಾನು ಮುಂದೆ ಹೋಗುವುದಿಲ್ಲ. ಬೆಂಗಳೂರಿಗೆ ಮೊದಲು ಬಂದ ಕರೆಂಟು ನವೀಕರಿಸಬಹುದಾದದ್ದೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜಿಸಿದ ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ತಂತಿಯ ಉದ್ದ ಸುಮಾರು 147 ಕಿಲೋಮೀಟರ್, ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಸಾಲಿನಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಬೆಳಗಿತು. ಇದನ್ನೆಲ್ಲ ಹೊಸ ಕಾಲದ ಫ್ಯಾಷನ್ ಅಂದುಕೊಂಡ ಮಕ್ಕಳು ನಕ್ಷೆ ಬಿಚ್ಚಿ ಕಾವೇರಿಯಿಂದ ಕೆಜಿಎಫ್‌ವರೆಗೆ ಬೆರಳಿಟ್ಟು ನೋಡುವುದು ನೋಡಲೇ ಚೆಂದ.

ನಮ್ಮ ಟೆರೇಸ್ ಮೇಲೆ ಸೋಲಾರ್ ಇದೆ. ಅದರಿಂದ ಬಲ್ಬ್ ಯಾಕೆ ಉರಿಯಲ್ಲ?

ಅದು ನೀರು ಕಾಯಿಸುವ ಸೋಲಾರ್. ಕಪ್ಪು ಕೊಳವೆ ಬಿಸಿಲನ್ನು ಹೀರುತ್ತದೆ, ಒಳಗಿನ ನೀರು ಬಿಸಿಯಾಗಿ ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪೂ ಬೇಡ, ವೈರೂ ಬೇಡ. ಬೆಂಗಳೂರಿನ ಮನೆಗಳ ಮೇಲೆ ಇದು ಇಷ್ಟೊಂದು ಕಾಣುವುದಕ್ಕೆ ಸರ್ಕಾರದ ನಿಯಮವೂ ಕಾರಣ. ಒಂದು ಅಳತೆ ಮೀರಿದ ಹೊಸ ಮನೆಗಳಿಗೆ ಇದು ಕಡ್ಡಾಯ.

ಬಡಪಾಯಿ ತಂತ್ರಜ್ಞಾನ ಅಂತ ಇದನ್ನು ಕಡೆಗಣಿಸಬೇಡಿ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.4 ಯೂನಿಟ್ ಬೇಕು. ಮನೆಯ ಉಳಿದ ದೀಪ, ಫ್ಯಾನ್, ಟಿವಿ ಎಲ್ಲ ಸೇರಿದರೂ ಎಷ್ಟೋ ಮನೆಗಳಲ್ಲಿ ದಿನಕ್ಕೆ ಅಷ್ಟಾಗುವುದಿಲ್ಲ.

ಎಲ್ಲಾ ಪ್ಯಾನೆಲ್ಲೂ ಯಾಕೆ ಒಂದೇ ಕಡೆ ವಾಲಿಸಿ ಇಟ್ಟಿರ್ತಾರೆ?

ದಕ್ಷಿಣದ ಕಡೆಗೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷದ ಹೆಚ್ಚು ಕಾಲ ಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣಕ್ಕೆ ಇರುತ್ತಾನೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನೆತ್ತಿಯ ಮೇಲೇ ಬರುತ್ತಾನೆ. ಆ ಶೂನ್ಯ ನೆರಳಿನ ದಿನ ಅಂಗಳದಲ್ಲಿ ಒಂದು ಪೈಪ್ ನೆಟ್ಟಗೆ ನಿಲ್ಲಿಸಿದರೆ ಮಧ್ಯಾಹ್ನ ಅದರ ನೆರಳೇ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ರಜೆ ಇರುವುದರಿಂದ ನಾವು ಆಗಸ್ಟಿನದನ್ನೇ ನೆಚ್ಚಿಕೊಳ್ಳುತ್ತೇವೆ. ಮೋಡ ಕೈಕೊಡುವ ವರ್ಷಗಳೂ ಇರುತ್ತವೆ.

ಬಿಸಿಲು ಜಾಸ್ತಿ ಇದ್ರೆ ಕರೆಂಟ್ ಜಾಸ್ತಿ ಅಲ್ವಾ? ಹಾಗಾದ್ರೆ ಮೇ ತಿಂಗಳ ರಾಯಚೂರಲ್ಲಿ ಸಿಕ್ಕಾಪಟ್ಟೆ ಬರಬೇಕು!

ಪ್ಯಾನೆಲಿಗೆ ಬೇಕಾಗಿರುವುದು ಬೆಳಕು. ಕಾವು ಅದಕ್ಕೆ ಆಗಿಬರುವುದಿಲ್ಲ. ಪ್ಯಾನೆಲಿನ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ತಾಪದಲ್ಲಿ ಅಳೆದದ್ದು. ಅದಕ್ಕಿಂತ ಏರುವ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಕಮ್ಮಿಯಾಗುತ್ತದೆ. ಉರಿಬಿಸಿಲಿನಲ್ಲಿ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಶೇಕಡಾ 14ರಷ್ಟು ಹೋಯಿತು. ಕ್ಲಾಸಿನಲ್ಲಿ ನೋಡಬೇಕೆಂದರೆ ಪ್ಯಾನೆಲನ್ನು ಅರ್ಧ ಗಂಟೆ ಬಿಸಿಲಲ್ಲಿಟ್ಟು ವೋಲ್ಟ್ ಬರೆದುಕೊಳ್ಳಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಅಳೆಯಿರಿ. ಸಂಖ್ಯೆ ಮೇಲೇರುತ್ತದೆ. ನಮ್ಮ ಬೆಂಗಳೂರಿನ ತಂಪು ಹವೆ ಪ್ಯಾನೆಲಿಗೂ ಇಷ್ಟ.

## ಸ್ವಲ್ಪ ಲೆಕ್ಕ ಬೇಕಾಗುವ ಪ್ರಶ್ನೆಗಳು

ಫ್ಯಾನಿಗೆ ಡೈನಮೋ ಕಟ್ಟಿ ಆ ಕರೆಂಟಲ್ಲೇ ಫ್ಯಾನ್ ಓಡಿಸಿದ್ರೆ? ಫ್ರೀ ಎನರ್ಜಿ!

ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ನನಗೆ ಖುಷಿಯಾಗುತ್ತದೆ. ದಯವಿಟ್ಟು "ಶಕ್ತಿಯ ಸಂರಕ್ಷಣಾ ನಿಯಮದ ಪ್ರಕಾರ ಸಾಧ್ಯವಿಲ್ಲ" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಎರಡು ಪುಟ್ಟ ಡಿಸಿ ಮೋಟಾರ್ ತಂದು ಅಚ್ಚುಗಳನ್ನು ರಬ್ಬರ್ ಕೊಳವೆಯಿಂದ ಜೋಡಿಸಿ. ಒಂದಕ್ಕೆ ಬ್ಯಾಟರಿ ಕೊಟ್ಟರೆ ಇನ್ನೊಂದು ಜನರೇಟರ್ ಆಗಿ ತಿರುಗುತ್ತದೆ. ಒಳಗೆ ಹೋದ ವ್ಯಾಟ್, ಹೊರಗೆ ಬಂದ ವ್ಯಾಟ್ ಎರಡನ್ನೂ ಮಕ್ಕಳೇ ಅಳೆಯಲಿ. ಹೊರಬರುವುದು ಅರ್ಧವೂ ಇರುವುದಿಲ್ಲ. ಮೋಟಾರ್ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಉಳಿದದ್ದು ಎಲ್ಲಿ ಹೋಯಿತು ಅನ್ನುವುದಕ್ಕೆ ಆ ಬಿಸಿಯೇ ಸಾಕ್ಷಿ. ಯೂಟ್ಯೂಬಿನಲ್ಲಿ ಬರುವ ಫ್ರೀ ಎನರ್ಜಿ ವಿಡಿಯೋಗಳನ್ನು ಈ ಪ್ರಯೋಗ ಆದಮೇಲೆ ಒಟ್ಟಿಗೆ ನೋಡಿ. ಬ್ಯಾಟರಿ ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಮಕ್ಕಳೇ ಹುಡುಕುತ್ತಾರೆ.

ಡ್ಯಾಮಿನ ಹಾಗೆ ನಮ್ಮನೆ ಓವರ್‌ಹೆಡ್ ಟ್ಯಾಂಕ್ ನೀರಿಂದ ಕರೆಂಟ್ ತೆಗೀಬಹುದಾ?

ತೆಗೆಯಬಹುದು. ಎಷ್ಟು ಸಿಗುತ್ತದೆ ನೋಡೋಣ. 1000 ಲೀಟರ್ ಟ್ಯಾಂಕು, 10 ಮೀಟರ್ ಎತ್ತರ. ದ್ರವ್ಯರಾಶಿ, ಗುರುತ್ವ, ಎತ್ತರ ಗುಣಿಸಿದರೆ 98,000 ಜೂಲ್. ಒಂದು ಹನಿಯೂ ಪೋಲಾಗದೆ ಸಿಕ್ಕಿದರೂ 9 ವ್ಯಾಟಿನ ಬಲ್ಬ್ ಮೂರು ಗಂಟೆ ಉರಿಯುತ್ತದೆ. ಒಂದು ಯೂನಿಟ್ ಬೇಕಾದರೆ 37 ಟ್ಯಾಂಕ್ ಖಾಲಿ ಮಾಡಬೇಕು. ಆ ನೀರನ್ನು ಮೇಲೆ ಹತ್ತಿಸಿದ ಮೋಟಾರು ಅದಕ್ಕಿಂತ ಜಾಸ್ತಿ ತಿಂದಿರುತ್ತದೆ.

ಈಗ ಎತ್ತರ ಬದಲಿಸಿ. ಜೋಗದ 253 ಮೀಟರಿಂದ ಅದೇ 1000 ಲೀಟರ್ ಬಿದ್ದರೆ ಸುಮಾರು 0.7 ಯೂನಿಟ್. ಪಶ್ಚಿಮ ಘಟ್ಟದ ಮಳೆ ಮತ್ತು ಘಟ್ಟದ ಇಳಿಜಾರು ಎರಡೂ ಸೇರಿದ್ದರಿಂದಲೇ ಶರಾವತಿಯಲ್ಲಿ 1035 ಮೆಗಾವ್ಯಾಟಿನ ಕೇಂದ್ರ ಸಾಧ್ಯವಾಯಿತು.

ಟೆರೇಸ್ ಮೇಲೆ ಗಾಳಿಯಂತ್ರ ಹಾಕಿದ್ರೆ ಹೇಗೆ? ನಮ್ಮನೆ ಹತ್ರ ಗಾಳಿ ಚೆನ್ನಾಗಿ ಬೀಸುತ್ತೆ.

ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಜಾಗವೇ ಎಲ್ಲ. ಒಂದು ಮೀಟರ್ ವ್ಯಾಸದಲ್ಲಿ ತಿರುಗುವ ರೆಕ್ಕೆಗಳಿಗೆ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ ಸಿಗುವುದು ನಾಲ್ಕು ವ್ಯಾಟ್ ಹತ್ತಿರ. 6 ಮೀಟರ್ ವೇಗದಲ್ಲಿ 30 ವ್ಯಾಟ್. ನಗರದಲ್ಲಿ ಕಟ್ಟಡಗಳಿಗೆ ಬಡಿದು ಗಾಳಿ ಸುಳಿಸುಳಿಯಾಗುತ್ತದೆ, ನಮಗೆ ಹಿತವಾದರೂ ಯಂತ್ರಕ್ಕೆ ಆಗುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ನಿಂತಿರುವುದು ಇದೇ ಕಾರಣಕ್ಕೆ. ಎಷ್ಟೇ ಒಳ್ಳೆಯ ಯಂತ್ರವಾದರೂ ಗಾಳಿಯ ಶಕ್ತಿಯಲ್ಲಿ ಶೇಕಡಾ 59.3ಕ್ಕಿಂತ ಜಾಸ್ತಿ ಹಿಡಿಯಲು ಆಗುವುದಿಲ್ಲ. ಎಲ್ಲವನ್ನೂ ಹಿಡಿದರೆ ಗಾಳಿ ಅಲ್ಲೇ ನಿಲ್ಲಬೇಕಾಗುತ್ತದೆ, ಹಿಂದಿನ ಗಾಳಿಗೆ ದಾರಿ ಇರುವುದಿಲ್ಲ.

ರಾತ್ರಿ ಹೊತ್ತು, ಮಳೆಗಾಲದಲ್ಲಿ ಏನು ಮಾಡ್ತಾರೆ?

ನಾನು ಇದನ್ನು ಚಂದ್ರಯಾನದಿಂದ ಶುರು ಮಾಡುತ್ತೇನೆ. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್ ಲ್ಯಾಂಡರಿಗೆ 738 ವ್ಯಾಟ್, ಪ್ರಜ್ಞಾನ್ ರೋವರಿಗೆ 50 ವ್ಯಾಟ್ ಸೋಲಾರ್ ಇತ್ತು. ಚಂದ್ರನ ಒಂದು ಹಗಲು ನಮ್ಮ 14 ದಿನ. ಕತ್ತಲಾಗುವ ಮೊದಲೇ ಎರಡನ್ನೂ ಮಲಗಿಸಿದರು, ಆ ಚಳಿಯ ರಾತ್ರಿ ಕಳೆದ ಮೇಲೆ ಅವು ಏಳಲಿಲ್ಲ. ನಮ್ಮ ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಲ್ಲಿ ಕೂತು ಆ ನೌಕೆಗೆ ಆದೇಶ ಕಳಿಸಿದರು ಅಂದರೆ ಮಕ್ಕಳು ಕಿವಿ ನೆಟ್ಟಗೆ ಮಾಡುತ್ತಾರೆ. ಸೋಲಾರಿನ ಕಷ್ಟ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ನಮ್ಮ ರಾಜ್ಯದಲ್ಲಿ ಒಂದು ಅನುಕೂಲ ಇದೆ. ಜೂನ್‌ನಿಂದ ಮೋಡ ಕವಿದು ಸೋಲಾರ್ ಇಳಿಯುವ ಹೊತ್ತಿಗೆ ಮುಂಗಾರಿನ ಗಾಳಿ ಏರುತ್ತದೆ, ಜಲಾಶಯಗಳು ತುಂಬುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಕಮ್ಮಿ, ನೀರು ಕಮ್ಮಿ, ಬಿಸಿಲು ಜಾಸ್ತಿ. ಒಂದು ಸೋತಾಗ ಇನ್ನೊಂದು ಹೆಗಲು ಕೊಡುತ್ತದೆ. ಆದರೆ 2023ರ ಹಾಗೆ ಮಳೆಯೇ ಕೈಕೊಟ್ಟರೆ ಜಲಾಶಯವೂ ಖಾಲಿ, ರೈತರ ಪಂಪ್‌ಸೆಟ್ಟಿಗೆ ಕರೆಂಟ್ ಬೇಡಿಕೆಯೂ ಒಮ್ಮೆಲೇ ಜಾಸ್ತಿ. ಸಂಜೆಯ ಹೊತ್ತು ಇನ್ನೂ ಬಗೆಹರಿಯದ ಕಷ್ಟ. ಸೂರ್ಯ ಮುಳುಗುವುದೂ ಮನೆಮನೆಯಲ್ಲಿ ದೀಪ ಹತ್ತುವುದೂ ಒಂದೇ ಸಮಯಕ್ಕೆ. ಆ ಹೊತ್ತಿಗೆ ಈಗ ನೀರು, ಕಲ್ಲಿದ್ದಲು ಕೆಲಸಕ್ಕೆ ಬರುತ್ತವೆ. ಬ್ಯಾಟರಿಗಳು ನಿಧಾನವಾಗಿ ಬರುತ್ತಿವೆ.

ನಮ್ಮನೆ ಮೇಲೆ ಕರೆಂಟಿನ ಸೋಲಾರೇ ಇದೆ. ಆದ್ರೂ ಕರೆಂಟ್ ಹೋದ್ರೆ ನಮ್ಮನೇಲೂ ಕತ್ತಲೆ. ಯಾಕೆ ಮಿಸ್?

ಬ್ಯಾಟರಿ ಇಲ್ಲದ, ಬೆಸ್ಕಾಂ ಜಾಲಕ್ಕೆ ಜೋಡಿಸಿದ ಸೋಲಾರ್ ಹಾಗೇ ಇರಬೇಕು. ಕಂಬದ ಮೇಲೆ ಲೈನ್‌ಮ್ಯಾನ್ ಕೆಲಸ ಮಾಡುತ್ತಿದ್ದಾನೆ, ಲೈನ್ ಆಫ್ ಆಗಿದೆ ಅಂದುಕೊಂಡಿದ್ದಾನೆ. ಆಗ ನಿಮ್ಮ ಮನೆಯಿಂದ ಕರೆಂಟ್ ಹೊರಗೆ ಹರಿದರೆ ಆತನ ಜೀವಕ್ಕೇ ಅಪಾಯ. ಅದಕ್ಕೇ ಜಾಲ ಸತ್ತ ಕೂಡಲೇ, ಪ್ಯಾನೆಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಈ ಉತ್ತರ ಕೇಳಿದ ಮೇಲೆ ಯಾವ ಮಗುವೂ ಅದನ್ನು ಸೋಲಾರಿನ ದೋಷ ಅನ್ನುವುದಿಲ್ಲ.

ಮಗಳು ಮನೆ ಮೇಲೆ ಸೋಲಾರ್ ಹಾಕಿಸಿ ಅಂತ ಹಠ ಹಿಡಿದಿದಾಳೆ. ಹಾಕಿಸ್ಬೇಕಾ?

ಲೆಕ್ಕವನ್ನು ಅವಳಿಗೇ ಒಪ್ಪಿಸಿ. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟಿಗೆ ನೆರಳಿಲ್ಲದ 300 ಚದರ ಅಡಿ ಬೇಕು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇಷ್ಟಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ನಿಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರುತ್ತಿಲ್ಲವಾದರೆ ಹಾಕಿದ ದುಡ್ಡು ವಾಪಸ್ ಬರಲು ತುಂಬಾ ವರ್ಷ ಬೇಕು. ತಿಂಗಳಿಗೆ ಮುನ್ನೂರು, ನಾನೂರು ಯೂನಿಟ್ ಉರಿಸುವ ಮನೆಯಾದರೆ ಯೋಚನೆ ಮಾಡಲೇಬೇಕು. ಒಂದು ವರ್ಷದ ಬಿಲ್, ಟೆರೇಸಿನ ಅಳತೆ, ಬೆಳಿಗ್ಗೆ ಮಧ್ಯಾಹ್ನ ಸಂಜೆಯ ನೆರಳು, ಮೂರನ್ನೂ ಅವಳು ಬರೆದು ತರಲಿ. ಆಮೇಲೆ ಕೂತು ಮಾತಾಡಿ.

## ಕಷ್ಟದ ಪ್ರಶ್ನೆಗಳು

ಎಲೆಕ್ಟ್ರಿಕ್ ಸ್ಕೂಟರ್ ಕಲ್ಲಿದ್ದಲಿನ ಕರೆಂಟಲ್ಲೇ ಓಡೋದು ಅಲ್ವಾ? ಮತ್ತೆ ಏನು ಲಾಭ?

ಒಳ್ಳೆಯ ಆಕ್ಷೇಪಣೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಾದರೆ ಕಿಲೋಮೀಟರಿಗೆ 51 ಗ್ರಾಂ. ನಮ್ಮ ದೇಶದ ಜಾಲದಲ್ಲಿ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂ ಚಿಲ್ಲರೆ ಇಂಗಾಲದ ಡೈಆಕ್ಸೈಡ್. ಚಾರ್ಜಿಂಗಿನಲ್ಲಿ ಪೋಲಾಗುವುದೂ ಸೇರಿ ಒಂದು ಯೂನಿಟ್‌ಗೆ 25 ಕಿಲೋಮೀಟರ್ ಓಡಿದರೆ 28 ಗ್ರಾಂ. ಅಂದರೆ ಈಗಲೇ ಅರ್ಧದ ಹತ್ತಿರ. ಎಂಜಿನ್ ಪೆಟ್ರೋಲಿನ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಕಳೆಯುತ್ತದೆ, ಮೋಟಾರ್ ಹಾಗಲ್ಲ. ಬ್ಯಾಟರಿ ತಯಾರಿಕೆಗೆ ಆಗುವ ಮಾಲಿನ್ಯ ಇದರಲ್ಲಿ ಸೇರಿಲ್ಲ, ಅದನ್ನೂ ಮಕ್ಕಳಿಗೆ ಹೇಳಿ. ಜಾಲಕ್ಕೆ ಬಿಸಿಲು, ಗಾಳಿ ಜಾಸ್ತಿಯಾದಷ್ಟೂ ಅದೇ ಹಳೇ ಸ್ಕೂಟರು ಇನ್ನಷ್ಟು ಶುದ್ಧವಾಗುತ್ತಾ ಹೋಗುತ್ತದೆ. ಪೆಟ್ರೋಲ್ ಗಾಡಿಗೆ ಆ ಅವಕಾಶ ಇಲ್ಲ.

ನೀರಲ್ಲಿ ಹೈಡ್ರೋಜನ್ ಇದೆಯಲ್ಲ, ನೀರು ಹಾಕಿ ಗಾಡಿ ಓಡಿಸಬಹುದಲ್ವಾ?

ನೀರು ಅಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್. ಅದನ್ನು ಮತ್ತೆ ಬಿಡಿಸಲು ಶಕ್ತಿ ಕೊಡಬೇಕು. ಒಂದು ಕೆಜಿ ಹೈಡ್ರೋಜನ್ ಬಿಡಿಸಲು 50 ಯೂನಿಟ್‌ಗೂ ಜಾಸ್ತಿ ಬೇಕು, ಅದರಲ್ಲಿ ಇರುವುದು 33 ಯೂನಿಟ್. ವಾಪಸ್ ಕರೆಂಟ್ ಮಾಡಿದರೆ ಅದರಲ್ಲೂ ಅರ್ಧ ಹೋಗುತ್ತದೆ. ಸ್ಕೂಟರಿಗೆ ಬ್ಯಾಟರಿಯೇ ಮೇಲು. ಉಕ್ಕು, ಗೊಬ್ಬರದ ಕಾರ್ಖಾನೆಗಳಿಗೆ ಮಾತ್ರ ಸೋಲಾರಿನಿಂದ ತಯಾರಿಸಿದ ಹೈಡ್ರೋಜನ್ ನಿಜವಾಗಿ ಬೇಕಾಗಿದೆ.

ಅಣು ವಿದ್ಯುತ್ ನವೀಕರಿಸಬಹುದಾದದ್ದಾ?

ಅಲ್ಲ. ಕೈಗಾದ 880 ಮೆಗಾವ್ಯಾಟ್ ಯುರೇನಿಯಂನಿಂದ ಬರುತ್ತದೆ, ಅದು ಗಣಿಯಿಂದ ತೆಗೆದದ್ದು. ಆದರೆ ಹೊಗೆ ಇಲ್ಲ. ನವೀಕರಿಸಬಹುದಾದದ್ದು ಬೇರೆ, ಇಂಗಾಲ ಕಮ್ಮಿ ಇರುವುದು ಬೇರೆ.

ದೇಶದ ಅರ್ಧ ಸಾಮರ್ಥ್ಯ ಕಲ್ಲಿದ್ದಲು ಬಿಟ್ಟು ಬೇರೆದು ಅಂತ ಪೇಪರಲ್ಲಿ ಬಂದಿತ್ತು. ಮತ್ತೆ ಯಾಕೆ ಇನ್ನೂ ಕಲ್ಲಿದ್ದಲೇ ಜಾಸ್ತಿ ಅಂತಾರೆ?

2025ರಲ್ಲಿ ಭಾರತದ ಸ್ಥಾಪಿತ ಸಾಮರ್ಥ್ಯದಲ್ಲಿ ಪಳೆಯುಳಿಕೆ ಇಂಧನ ಬಿಟ್ಟು ಉಳಿದದ್ದರ ಪಾಲು ಅರ್ಧ ಮುಟ್ಟಿದ್ದು ನಿಜ. ಆದರೆ ಸಾಮರ್ಥ್ಯ ಅಂದರೆ ಪೂರ್ತಿ ಓಡಿದಾಗ ಎಷ್ಟು ಅಂತ. ಸೋಲಾರ್ ರಾತ್ರಿ ಓಡುವುದಿಲ್ಲ, ಬೆಳಿಗ್ಗೆ ಸಂಜೆ ಅರೆಬರೆ. ವರ್ಷಪೂರ್ತಿ ಸರಾಸರಿ ನೋಡಿದರೆ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು ಸಿಗುತ್ತದೆ. ಹಾಗಾಗಿ ನಿಜವಾಗಿ ತಯಾರಾಗುವ ಯೂನಿಟ್‌ಗಳಲ್ಲಿ ಇನ್ನೂ ಹೆಚ್ಚಿನವು ಕಲ್ಲಿದ್ದಲಿನವೇ. ಮೆಗಾವ್ಯಾಟ್ ಯಾವುದು, ಯೂನಿಟ್ ಯಾವುದು ಅಂತ ಬೇರೆ ಮಾಡಿ ಓದಲು ಕಲಿತ ಮಗು ಪತ್ರಿಕೆಯ ತಲೆಬರಹಕ್ಕೆ ಮೋಸ ಹೋಗುವುದಿಲ್ಲ.

ಹಾಳಾದ ಪ್ಯಾನೆಲ್ ಎಲ್ಲ ಎಲ್ಲಿಗೆ ಹೋಗುತ್ತೆ? ಅದೂ ಕಸಾನೇ ಅಲ್ವಾ?

ಹೌದು, ಕಸವೇ. ಒಂದು ಪ್ಯಾನೆಲ್ 25 ವರ್ಷದ ಹತ್ತಿರ ಬಾಳುತ್ತದೆ. ಅದನ್ನು ತಯಾರಿಸಲು ಖರ್ಚಾದ ಶಕ್ತಿಯನ್ನು ನಮ್ಮ ಬಿಸಿಲಿನಲ್ಲಿ ಒಂದೆರಡು ವರ್ಷದಲ್ಲಿ ವಾಪಸ್ ಕೊಡುತ್ತದೆ. ತೂಕದಲ್ಲಿ ಹೆಚ್ಚು ಪಾಲು ಗಾಜು, ಆಮೇಲೆ ಅಲ್ಯೂಮಿನಿಯಂ. ಇವೆರಡನ್ನು ಬೇರ್ಪಡಿಸುವುದು ಸುಲಭ. ಸಿಲಿಕಾನ್, ಬೆಳ್ಳಿ ತೆಗೆಯುವುದು ಕಷ್ಟ, ಬೆಸುಗೆಯಲ್ಲಿ ಸೀಸವೂ ಇರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಪ್ಯಾನೆಲ್ ಕೂಡ ಸೇರಿದೆ. ಇದನ್ನು ಈಗಲೇ ಸರಿಯಾಗಿ ಜಾರಿಗೆ ತರಬೇಕು, ಪ್ಯಾನೆಲ್ ರಾಶಿ ಬಿದ್ದ ಮೇಲೆ ತಡಬಡಾಯಿಸಿ ಪ್ರಯೋಜನವಿಲ್ಲ.

ಪಾವಗಡದ ಸೋಲಾರ್ ಪಾರ್ಕಿಂದ ಅಲ್ಲಿನ ರೈತರಿಗೆ ಒಳ್ಳೇದಾಯ್ತಾ?

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲಿದೆ. ಸುಮಾರು 13,000 ಎಕರೆ, 2050 ಮೆಗಾವ್ಯಾಟ್, ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿ. ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡಿತು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಹತ್ತು ಎಕರೆ ಇದ್ದವರಿಗೆ ಅದು ನೆಮ್ಮದಿಯ ಆದಾಯ. ಜಮೀನೇ ಇಲ್ಲದೆ ಕೂಲಿ ನಂಬಿದವರಿಗೆ ಹೊಲದ ಕೆಲಸ ಹೋಯಿತು, ಕುರಿ ಮೇಯಿಸುವವರಿಗೆ ಬಯಲು ಹೋಯಿತು. ಅವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ ಜಮೀನ್ದಾರ, ಕೂಲಿಯವಳು, ಕುರಿಗಾಹಿ, ಎಂಜಿನಿಯರ್ ಅಂತ ಪಾತ್ರ ಹಂಚಿ. ಕುರಿಗಾಹಿಯ ಪಾತ್ರ ಮಾಡಿದ ಹುಡುಗ ನನ್ನ ಕ್ಲಾಸಿನಲ್ಲಿ "ಪ್ಯಾನೆಲ್ ಕೆಳಗೆ ಹುಲ್ಲು ಬೆಳೆಯುತ್ತಲ್ಲ, ಕುರಿ ಒಳಗೆ ಬಿಡಿ, ನಿಮಗೆ ಕಳೆ ಕೀಳೋ ಖರ್ಚು ಉಳಿಯುತ್ತೆ" ಅಂದ. ಬೇರೆ ದೇಶಗಳಲ್ಲಿ ಅದನ್ನು ಮಾಡುತ್ತಿದ್ದಾರೆ ಅಂತ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆ ಕ್ಲಾಸಲ್ಲಿ ಚರ್ಚೆ ಮಾಡಿಸ್ಬಹುದಾ? ರಾಜಕೀಯ ಆಗಲ್ವಾ?

ಮಾಡಿಸಿ. ಹತ್ತನೇ ತರಗತಿಯವರು ಇದಕ್ಕೆ ಸಿದ್ಧರಿರುತ್ತಾರೆ. ವಿಷಯ ಸ್ಪಷ್ಟವಾಗಿದೆ: ಮಧ್ಯಾಹ್ನ ಕರೆಂಟ್ ಹೆಚ್ಚಾದಾಗ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಬೇಕಾದಾಗ ಇಳಿಸಿ ಕರೆಂಟ್ ಮಾಡುವುದು. ಪ್ರಸ್ತಾಪ 2000 ಮೆಗಾವ್ಯಾಟಿನದು. ಎತ್ತಲು ಖರ್ಚಾದದ್ದಕ್ಕಿಂತ ವಾಪಸ್ ಸಿಗುವುದು ಕಮ್ಮಿ, ಆದರೂ ಸಂಜೆಯ ಕೊರತೆಗೆ ಇದು ದೊಡ್ಡ ಬ್ಯಾಟರಿ. ಜಾಗ ಇರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಮಲೆನಾಡಿನ ಜನ, ಪರಿಸರದವರು ವಿರೋಧಿಸುತ್ತಿದ್ದಾರೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಕುಟುಂಬಗಳ ನೋವು ಇನ್ನೂ ಆರಿಲ್ಲ, ಆ ಕರೆಂಟು ಬಂದದ್ದು ನಮ್ಮ ಬೆಂಗಳೂರಿಗೂ.

ಎರಡು ಪೀರಿಯಡ್ ಇಡಿ. ಮೊದಲನೆಯದರಲ್ಲಿ ಅಂಕಿಗಳು, ನಕ್ಷೆ ಮಾತ್ರ, ಅಭಿಪ್ರಾಯ ಬೇಡ. ಎರಡನೆಯದರಲ್ಲಿ ಪರ, ವಿರೋಧ ಅಂತ ತಂಡ ಮಾಡಿ, ಅರ್ಧ ದಾರಿಯಲ್ಲಿ ತಂಡಗಳನ್ನು ಅದಲು ಬದಲು ಮಾಡಿ. ನಿಮ್ಮ ಅಭಿಪ್ರಾಯ ಮಕ್ಕಳು ಕೇಳಿಯೇ ಕೇಳುತ್ತಾರೆ. ಕೇಳಿದರೆ ಹೇಳಿ, ಆದರೆ ಕೊನೆಯಲ್ಲಿ. ಕಾಡು ಕಡಿಯದೆ, ಈಗಾಗಲೇ ಬಿಟ್ಟುಹೋದ ಗಣಿ ಗುಂಡಿಗಳಲ್ಲಿ, ಬ್ಯಾಟರಿಗಳಲ್ಲಿ ಎಷ್ಟು ಸಾಧ್ಯ ಅಂತ ಮೊದಲು ನೋಡಬೇಕು ಅನ್ನುವುದು ನನ್ನದು. ಹೋದ ಬಾರಿ ವಿರೋಧದ ತಂಡದವಳೊಬ್ಬಳು ಎದ್ದು, ಹಾಗಾದರೆ ಸಂಜೆ ಏಳರಿಂದ ಎಂಟರವರೆಗೆ ನಾವು ಗೀಸರ್, ಇಸ್ತ್ರಿ, ವಾಷಿಂಗ್ ಮಷಿನ್ ಹಾಕುವುದಿಲ್ಲ ಅಂದರೆ ಎಷ್ಟು ಮೆಗಾವ್ಯಾಟ್ ಉಳಿಯುತ್ತದೆ ಅಂತ ಕೇಳಿದಳು. ಪ್ರಶ್ನೆ ಈಗ ಬೋರ್ಡಿನ ಮೂಲೆಯಲ್ಲಿದೆ. ಮಕ್ಕಳು ತಮ್ಮ ತಮ್ಮ ಬೀದಿಯ ಮನೆಗಳ ಲೆಕ್ಕ ತರುತ್ತಿದ್ದಾರೆ.